ಕೂಡಿಟ್ಟ ಮೈಲಿಯ ಲೆಕ್ಕ
2008ರ ಮೇವರೆಗೆ ಇಂದಿರಾನಗರದವರಿಗೆ ವಿಮಾನ ಹತ್ತಲು ಪಕ್ಕದ ಎಚ್‌ಎಎಲ್ ನಿಲ್ದಾಣವಿತ್ತು. ಈಗ ದೇವನಹಳ್ಳಿಗೇ ಹೋಗಬೇಕು. ಅಮೆರಿಕದ ಮಕ್ಕಳನ್ನು ನೋಡಹೊರಟ ವೃದ್ಧ ತಂದೆತಾಯಿಗೆ ಇಷ್ಟು ದೂರ ಕಾಲು ಮಡಚಿ ಕೂರುವುದು ಕಷ್ಟ. ಬಿಸಿನೆಸ್ ಕ್ಲಾಸಿನಲ್ಲಿ ಮಲಗಿ ಹೋಗಬಹುದು. ದರ ಮಾತ್ರ ಹಲವು ಪಟ್ಟು.

ಇಲ್ಲಿ ನೆರವಿಗೆ ಬರುವುದು ಮೈಲಿ ಲೆಕ್ಕ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದ ಪದ್ಧತಿಯಿದು: ಮತ್ತೆ ಮತ್ತೆ ಹಾರಿದವರ ಖಾತೆಗೆ ಮೈಲಿ ಜಮಾ, ಸಾಕಷ್ಟಾದಾಗ ಅದರಿಂದಲೇ ಟಿಕೆಟ್. ಏರ್ ಇಂಡಿಯಾ 2014ರಲ್ಲಿ ಸ್ಟಾರ್ ಅಲಯನ್ಸ್ ಕೂಟ ಸೇರಿದ್ದರಿಂದ, ಅದರ ಖಾತೆಯಿಂದ ಲುಫ್ತಾನ್ಸಾ ಆಸನವನ್ನೂ ಪಡೆಯಬಹುದು.

ಆದರೆ ಇಂಥ ಆಸನಗಳು ಕೆಲವೇ. ತೆರಿಗೆಯನ್ನು ಹಣದಲ್ಲೇ ಕಟ್ಟಬೇಕು. ಮೈಲಿಗೆ ಬಡ್ಡಿ ಬೆಳೆಯದು, ಅದರ ಬೆಲೆ ಇಳಿಸುವ ಅಧಿಕಾರ ಕಂಪನಿಯದು. ಕೂಡಿಟ್ಟು ಕಾಯುವುದಕ್ಕಿಂತ, ತಂದೆತಾಯಿಗೆ ಓಡಾಡುವ ಶಕ್ತಿಯಿರುವಾಗಲೇ ಬಳಸುವುದು ಮೇಲು.