ಆಮೆ ಚಿಪ್ಪು ಬಿಟ್ಟು ಹೊರಬರಬಲ್ಲದೇ?

ಪ್ರಶ್ನೆ: ಕಾರ್ಟೂನಿನಲ್ಲಿ ಆಮೆ ಚಿಪ್ಪು ಕಳಚಿಟ್ಟು ಓಡುತ್ತದೆ. ನಿಜಕ್ಕೂ ಇದು ಸಾಧ್ಯವೇ?

ಉತ್ತರ: ಸಾಧ್ಯವೇ ಇಲ್ಲ. ಚಿಪ್ಪು ಆಮೆ ಹೊತ್ತು ತಿರುಗುವ ಮನೆಯಲ್ಲ, ಅದರ ಅಸ್ಥಿಪಂಜರದ್ದೇ ಭಾಗ. ಸತ್ತ ಆಮೆಯ ಬರಿದಾದ ಚಿಪ್ಪನ್ನು ಒಳಗಿನಿಂದ ನೋಡಿದರೆ ಸಂಶಯ ಉಳಿಯದು: ನಡುವೆ ಉದ್ದಕ್ಕೂ ಬೆನ್ನುಮೂಳೆ ಚಿಪ್ಪಿಗೇ ಬೆಸೆದುಕೊಂಡಿದೆ, ಎರಡೂ ಬದಿಯ ಪಕ್ಕೆಲುಬುಗಳು ಅಗಲವಾಗಿ ಹರಡಿ ಒಂದಕ್ಕೊಂದು ಕೂಡಿಕೊಂಡಿವೆ. ಅವು ಅಲುಗಾಡದ್ದರಿಂದ ಆಮೆ ನಮ್ಮಂತೆ ಎದೆ ಹಿಗ್ಗಿಸಿ ಉಸಿರಾಡಲಾರದು, ಒಳಗಿನ ಸ್ನಾಯುಗಳೇ ಆ ಕೆಲಸ ಮಾಡಬೇಕು. ನನಗೆ ಇದಕ್ಕಿಂತ ಅದ್ಭುತವೆನಿಸುವುದು ಹೆಗಲಮೂಳೆ: ನಮ್ಮಲ್ಲಿ ಪಕ್ಕೆಲುಬಿನ ಹೊರಗಿರುವ ಅದು ಆಮೆಯಲ್ಲಿ ಒಳಗಿದೆ.

ಮೊಸಳೆಯ ಬೆನ್ನಿನಂತೆ ಚರ್ಮದಲ್ಲಿ ಹುಟ್ಟಿದ ಮೂಳೆಬಿಲ್ಲೆಗಳೇ ಕೂಡಿ ಚಿಪ್ಪಾಗಿರಬಾರದೇಕೆ ಎಂದು ಕೇಳಬಹುದು. ವಿಜ್ಞಾನಿಗಳಲ್ಲೂ ಕೆಲವರು ಹಾಗೆ ವಾದಿಸಿದ್ದರು. ಅಂಚಿನ ಮೂಳೆಗಳ ಮಟ್ಟಿಗೆ ಅದು ಸರಿಯೂ ಹೌದು. ಆದರೆ 2008ರಲ್ಲಿ ಚೀನಾದಿಂದ ವರದಿಯಾದ, ಸುಮಾರು 22 ಕೋಟಿ ವರ್ಷ ಹಳೆಯ ಒಡೊಂಟೊಕೆಲಿಸ್ ಎಂಬ ಪ್ರಾಚೀನ ಆಮೆಯ ಪಳೆಯುಳಿಕೆಯಲ್ಲಿ ಹೊಟ್ಟೆಯ ಕಡೆ ಪೂರ್ತಿ ಚಿಪ್ಪಿದೆ, ಬೆನ್ನ ಮೇಲೆ ಅಗಲವಾದ ಪಕ್ಕೆಲುಬುಗಳಿವೆ, ಅವುಗಳ ಮೇಲೆ ಚರ್ಮದ ಬಿಲ್ಲೆಗಳಿಲ್ಲ. ಅಂದರೆ ಬೆನ್ನಿನ ಚಿಪ್ಪು ಮುಖ್ಯವಾಗಿ ಪಕ್ಕೆಲುಬುಗಳಿಂದಲೇ ಆದದ್ದು. ಮೊಟ್ಟೆಯೊಳಗಿನ ಭ್ರೂಣವೂ ಇದನ್ನೇ ಹೇಳುತ್ತದೆ: ಪಕ್ಕೆಲುಬುಗಳು ಎದೆಯನ್ನು ಸುತ್ತುವ ಬದಲು ಪಕ್ಕಕ್ಕೆ, ಬೆನ್ನಿನ ಚರ್ಮದೊಳಕ್ಕೆ ಬೆಳೆಯುತ್ತವೆ. ಕೆಲವು ಆಮೆಗಳ ಚಿಪ್ಪು ಸುಲಿಯುತ್ತದಲ್ಲ ಎಂದರೆ, ಸುಲಿಯುವುದು ಮೇಲಿನ ತೆಳುಪದರ ಮಾತ್ರ. ಅದು ಕೆರಟಿನ್, ನಮ್ಮ ಉಗುರಿನಲ್ಲಿರುವಂಥದ್ದೇ ವಸ್ತು. ನಕ್ಷತ್ರ ಆಮೆಯ ಹಳದಿ ಗೆರೆಗಳಿರುವುದೂ ಅದರಲ್ಲೇ. ಕೆಳಗಿರುವುದು ರಕ್ತ, ನರಗಳಿರುವ ಜೀವಂತ ಮೂಳೆ. ಹಾಗಾಗಿ ಸಾಕಿದ ಆಮೆಯ ಚಿಪ್ಪಿಗೆ ತೂತು ಕೊರೆದು ದಾರ ಕಟ್ಟುವುದು ಅದಕ್ಕೆ ನೋವು ಕೊಡುವ ಕ್ರೌರ್ಯ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.