ಸ್ಟ್ರಿಂಗ್ ತುಂಡಾದಾಗ ಕಂಪೈಲರ್ ಎಚ್ಚರಿಸುವುದೇಕೆ?

ಸಿ ಭಾಷೆಯಲ್ಲಿ ಸ್ಟ್ರಿಂಗ್ ಎಂದರೆ ಮೆಮೊರಿಯಲ್ಲಿ ಸಾಲಾಗಿ ಕೂತ ಬೈಟುಗಳು, ಅಷ್ಟೆ. ಅದರ ಉದ್ದವನ್ನು ಎಲ್ಲೂ ಬರೆದಿಟ್ಟಿರುವುದಿಲ್ಲ. ಸೊನ್ನೆ ಬೆಲೆಯ ಬೈಟು ಸಿಕ್ಕಲ್ಲಿಗೆ ಸ್ಟ್ರಿಂಗ್ ಮುಗಿಯಿತು. ಆ ಸೊನ್ನೆ ಬಿಟ್ಟುಹೋದರೆ ಪ್ರೋಗ್ರಾಂ ಪಕ್ಕದ ಜಾಗದಲ್ಲಿರುವುದನ್ನೂ ಸ್ಟ್ರಿಂಗ್‌ನ ಭಾಗವೆಂದೇ ಓದುತ್ತಾ ಹೋಗುತ್ತದೆ. ಅಲ್ಲಿ ಕಸ ಇರಬಹುದು, ಪಾಸ್‌ವರ್ಡೂ ಇರಬಹುದು.

ಇಂಥ ಎಡವಟ್ಟುಗಳಲ್ಲಿ ಮತ್ತೆ ಮತ್ತೆ ಕಾಣಸಿಗುವುದು, ಕೊಟ್ಟ ಮಿತಿಯವರೆಗಷ್ಟೇ ಬೈಟು ನಕಲಿಸುವ ಫಂಕ್ಷನ್ ಸ್ಟ್ರ್‌ಎನ್‌ಕಾಪಿ. ಹಳೆಯ ಯುನಿಕ್ಸ್‌ನಲ್ಲಿ ಫೈಲಿನ ಹೆಸರಿಗೆ ಮೀಸಲಾಗಿದ್ದುದು 14 ಬೈಟು. ಹೆಸರು ಚಿಕ್ಕದಿದ್ದರೆ ಉಳಿದ ಜಾಗಕ್ಕೆಲ್ಲ ಸೊನ್ನೆ. ಪೂರ್ತಿ 14 ಇದ್ದರೆ ಕೊನೆಯ ಸೊನ್ನೆ ಬೇಕಿಲ್ಲ. ಇಂಥ ನಿಗದಿತ ಅಳತೆಯ ಖಾನೆ ತುಂಬಲು ಈ ಫಂಕ್ಷನ್ ಹೇಳಿ ಮಾಡಿಸಿದಂತಿದೆ. ಆದರೆ ಮುಂದೆ ಇದನ್ನು ಸ್ಟ್ರಿಂಗ್ ನಕಲಿಸುವ ಸುರಕ್ಷಿತ ವಿಧಾನವೆಂದು ಬಗೆದು ಎಲ್ಲೆಂದರಲ್ಲಿ ಬಳಸಿದರು. ತೊಂದರೆಯ ಬೇರು ಇರುವುದು ಇಲ್ಲೇ.

2018ರಲ್ಲಿ ಬಂದ ಜಿಸಿಸಿ ಕಂಪೈಲರ್‌ನ 8ನೇ ಆವೃತ್ತಿ ಇಂಥ ಬಳಕೆಯನ್ನು ಗುರುತಿಸಿ ಎಚ್ಚರಿಸತೊಡಗಿತು. 16 ಬೈಟಿನ ಜಾಗಕ್ಕೆ 16ರ ಮಿತಿ ಕೊಟ್ಟು ಊರಿನ ಹೆಸರನ್ನು ನಕಲಿಸುವ ಒಂದು ಸಾಲು ಇದೆಯೆನ್ನಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು ಬೇಕು. ‘ಬೆಂಗಳೂರು’ 8 ಸಂಕೇತ, 24 ಬೈಟು. ಆ ಜಾಗದಲ್ಲಿ ಉಳಿಯುವುದು ‘ಬೆಂಗಳ’ ಮತ್ತು ಮುಂದಿನ ದೀರ್ಘದ ಮುರುಕು ಬೈಟು ಒಂದು. ಕೊನೆಯ ಸೊನ್ನೆಯಂತೂ ಇಲ್ಲವೇ ಇಲ್ಲ. ಮಿತಿ ಜಾಗದಷ್ಟೇ ಇದೆ ಎಂದು ಕಂಪೈಲರ್ ದೂರುವುದು ಇದಕ್ಕೇ.

ಹೊರಗಿನಿಂದ ತಂದು ಸೇರಿಸಿದ ಹಳೆಯ ಕೋಡ್‌ನಲ್ಲಿ ಈ ಸಮಸ್ಯೆ ಇನ್ನಷ್ಟು ಕಾಡುತ್ತದೆ. ವರ್ಷಗಟ್ಟಲೆ ತಕರಾರಿಲ್ಲದೆ ಕಂಪೈಲ್ ಆಗುತ್ತಿದ್ದ ಲೈಬ್ರರಿ, ಕಂಪೈಲರ್ ಬದಲಾದ ಕೂಡಲೇ ಎಚ್ಚರಿಕೆಗಳ ಸರಮಾಲೆ ಹೊರಡಿಸುತ್ತದೆ. ಎಚ್ಚರಿಕೆಯನ್ನೂ ದೋಷವೆಂದೇ ಎಣಿಸುವ ಆಯ್ಕೆ ಇದ್ದರೆ ಬಿಲ್ಡ್ ಅಲ್ಲಿಗೇ ನಿಲ್ಲುತ್ತದೆ. ಆ ಅವಸರದಲ್ಲಿ ಕೆಲವರು ಸ್ಟ್ರ್‌ಎನ್‌ಕಾಪಿ ತೆಗೆದು ಮೆಮ್‌ಕಾಪಿ ಹಾಕುತ್ತಾರೆ. ಎಚ್ಚರಿಕೆ ಹೋಗುತ್ತದೆ, ಅಪಾಯ ಹೆಚ್ಚುತ್ತದೆ: ಮೂಲ ಸ್ಟ್ರಿಂಗ್ ಚಿಕ್ಕದಿದ್ದರೂ ಮೆಮ್‌ಕಾಪಿ ಹೇಳಿದಷ್ಟು ಬೈಟನ್ನು ಓದಿಯೇ ತೀರುತ್ತದೆ.

ಎಚ್ಚರಿಕೆ ಬಂದಾಗ ಮೊದಲು ನೋಡಬೇಕಾದದ್ದು ನಕಲು ಹೋಗಿ ಕೂರುವ ಜಾಗ ಯಾತಕ್ಕಾಗಿ ಇದೆ ಎಂಬುದನ್ನು. ಲಿನಕ್ಸ್‌ನ ಲಾಗಿನ್ ದಾಖಲೆಯಲ್ಲಿ ಬಳಕೆದಾರರ ಹೆಸರಿಗೆ 32 ಬೈಟಿನ ಖಾನೆಯಿದ್ದು, ಅದು ಸೊನ್ನೆಯಿಂದ ಮುಗಿಯಲೇಬೇಕೆಂದಿಲ್ಲ. ಇಂಥಲ್ಲಿ ಕೋಡ್ ಸರಿಯಾಗಿಯೇ ಇರುತ್ತದೆ. ಖಾನೆಗೆ ‘ನಾನ್‌ಸ್ಟ್ರಿಂಗ್’ ಎಂಬ ಗುರುತು ಹಚ್ಚಿದರೆ ಕಂಪೈಲರ್ ಸುಮ್ಮನಾಗುತ್ತದೆ. ಲಾಗ್ ಸಂದೇಶದಂತೆ ಬಾಲ ತುಂಡಾದರೂ ನಡೆಯುವ ಕಡೆ, ಮಿತಿಯನ್ನು ಒಂದು ಇಳಿಸಿ ಮರುಸಾಲಿನಲ್ಲೇ ಕೊನೆಯ ಬೈಟಿಗೆ ಸೊನ್ನೆ ಹಾಕಿದರೆ ಸಾಕು.

ಫೈಲಿನ ಪಾತ್ ಆದರೆ ಹಾಗಲ್ಲ. ತುಂಡಾದ ಪಾತ್ ಇನ್ನಾವುದೋ ಫೈಲನ್ನು ತೋರಿಸಬಹುದು, ಅಳಿಸುವ ಆಜ್ಞೆ ಅದರ ಮೇಲೆ ಹೋಗಬಹುದು. ಇಲ್ಲಿ ಎಸ್‌ಎನ್‌ಪ್ರಿಂಟ್‌ಎಫ್ ಒಳ್ಳೆಯದು. ಕೊನೆಯ ಸೊನ್ನೆಯನ್ನು ಬಿಟ್ಟು ಪೂರ್ತಿ ಬರೆಯಲು ಎಷ್ಟು ಬೈಟು ಬೇಕಿತ್ತೆಂದು ಅದು ಹಿಂದಿರುಗಿಸುತ್ತದೆ. ಆ ಸಂಖ್ಯೆ ಜಾಗದ ಅಳತೆಯಷ್ಟೋ ಹೆಚ್ಚೋ ಇದ್ದರೆ ಕೆಲಸವನ್ನು ಅಲ್ಲೇ ನಿಲ್ಲಿಸಬೇಕು. 1998ರಲ್ಲಿ ಓಪನ್‌ಬಿಎಸ್‌ಡಿ ತಂದ ಸ್ಟ್ರ್‌ಎಲ್‌ಕಾಪಿಯೂ ಇದೇ ರೀತಿ ಉದ್ದ ಹೇಳುತ್ತದೆ. ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿಗೆ ಅದು ಬಂದದ್ದು 2023ರಲ್ಲಿ, ಹಾಗಾಗಿ ಹಳೆಯ ವ್ಯವಸ್ಥೆಗಳಲ್ಲಿ ಸಿಗದಿರಬಹುದು.

ಪರೀಕ್ಷಿಸಿದ ಮೇಲೂ ಎಚ್ಚರಿಕೆ ಹುಸಿಯೆಂದು ಕಂಡರೆ ಅದನ್ನು ಆ ಒಂದು ಫೈಲಿಗೆ ಮಾತ್ರ ನಿಲ್ಲಿಸಿ, ಕಾರಣವನ್ನು ಪಕ್ಕದಲ್ಲೇ ಕಾಮೆಂಟಾಗಿ ಬರೆಯಬೇಕು. ಇಡೀ ಪ್ರಾಜೆಕ್ಟಿಗೆ ನಿಲ್ಲಿಸಿದರೆ ತಂಡದ ಸ್ವಂತ ಕೋಡ್‌ನ ತಪ್ಪುಗಳೂ ಮುಚ್ಚಿಹೋಗುತ್ತವೆ. ಆಮದಾದ ಕೋಡ್‌ನಲ್ಲಿ ಮಾಡಿದ ತಿದ್ದುಪಡಿಗಳನ್ನು ಬೇರೆ ಪ್ಯಾಚ್ ಆಗಿ ಇಟ್ಟುಕೊಂಡು ಮೂಲ ಲೈಬ್ರರಿಯವರಿಗೂ ಕಳಿಸಬೇಕು. ಇಲ್ಲವಾದರೆ ಮುಂದಿನ ಆವೃತ್ತಿಯನ್ನು ತಂದು ಹಾಕಿದ ದಿನವೇ ಅವು ಅಳಿಸಿಹೋಗುತ್ತವೆ.