ಜನಪದ, ಪ್ರಭುತ್ವ ಮತ್ತು ಜಾಝ್: ಪೂರ್ವ ಜರ್ಮನಿಯ ಅನುಭವ

ಜನಪದ ಸಂಗೀತ ಯಾವುದು, ಅಲ್ಲದ್ದು ಯಾವುದು ಎಂಬ ಪ್ರಶ್ನೆಯು ವಿದ್ವಾಂಸರ ಗೋಷ್ಠಿಗಳಿಗೆ ಮಾತ್ರ ಸೇರಿದ್ದೆಂಬುದು ಸಾಮಾನ್ಯ ಭಾವನೆ. ಆದರೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಪೂರ್ವ ಜರ್ಮನಿಯಲ್ಲಿ ಈ ಪ್ರಶ್ನೆಗೆ ಕೊಡುವ ಉತ್ತರವು ಒಂದು ಸಂಗೀತ ಪ್ರಕಾರದ ಅಳಿವು ಉಳಿವನ್ನೂ ಅದನ್ನು ನಂಬಿದವರ ಬದುಕನ್ನೂ ನಿರ್ಧರಿಸುವಂತಿತ್ತು. ಜಾಝ್ ಸಂಗೀತವು ಅಲ್ಲಿ ಪಡೆದ ವಿರೋಧ, ಸಮರ್ಥನೆ ಹಾಗೂ ರೂಪಾಂತರಗಳನ್ನು ‘ಜನಪದ’ ಎಂಬ ಪರಿಕಲ್ಪನೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯು 1949ರಲ್ಲಿ ಎರಡು ರಾಷ್ಟ್ರಗಳಾಗಿ ಒಡೆಯಿತು. ಪಶ್ಚಿಮದ ಸಂಯುಕ್ತ ಗಣರಾಜ್ಯವು ಅಮೆರಿಕದ ಪಾಳೆಯವನ್ನೂ ಪೂರ್ವದ ಪ್ರಜಾಸತ್ತಾತ್ಮಕ ಗಣರಾಜ್ಯವು ಸೋವಿಯತ್ ಪಾಳೆಯವನ್ನೂ ಸೇರಿದವು. 1961ರ ಆಗಸ್ಟ್ 13ರಂದು ಬರ್ಲಿನ್ ನಗರದ ನಡುವೆ ಎದ್ದ ತಡೆ 1989ರ ನವೆಂಬರ್ 9ರವರೆಗೆ ಉಳಿಯಿತು. ಗಡಿ ಮುಚ್ಚಿದರೂ ಧ್ವನಿಯನ್ನು ತಡೆಯಲಾಗಲಿಲ್ಲ. ಪಶ್ಚಿಮ ಬರ್ಲಿನ್ನಿನ ಬಾನುಲಿ ಕೇಂದ್ರಗಳು, ಅಮೆರಿಕದ ಸೈನಿಕರಿಗಾಗಿ ನಡೆಯುತ್ತಿದ್ದ ಪ್ರಸಾರ, 1955ರಿಂದ ವಾಯ್ಸ್ ಆಫ್ ಅಮೆರಿಕದಲ್ಲಿ ವಿಲಿಸ್ ಕಾನೋವರ್ ನಡೆಸಿಕೊಟ್ಟ ಜಾಝ್ ಕಾರ್ಯಕ್ರಮ ಇವೆಲ್ಲವೂ ಪೂರ್ವದ ಮನೆಗಳನ್ನು ತಲುಪುತ್ತಿದ್ದವು. ಜಾಝ್ ವಿವಾದದ ವಸ್ತುವಾದದ್ದು ಈ ಸನ್ನಿವೇಶದಲ್ಲಿ.

1. ಜನಪದವೆಂಬ ಮಾನದಂಡ

1948ರಲ್ಲಿ ಸೋವಿಯತ್ ನಾಯಕ ಆಂದ್ರೇ ಝ್ದಾನೊವ್‌ನ ಮುಂದಾಳತ್ವದಲ್ಲಿ ಸಂಗೀತದ ಬಗೆಗೆ ಹೊರಬಿದ್ದ ನಿರ್ಣಯವು, ಸಂಗೀತ ರಚನೆಯು ರಾಷ್ಟ್ರೀಯ ಜನಪದ ಪರಂಪರೆಯಿಂದ ಸತ್ವವನ್ನು ಪಡೆಯಬೇಕೆಂದು ವಿಧಿಸಿ, ರೂಪಪ್ರಧಾನವಾದವನ್ನು ಖಂಡಿಸಿತು. ಪೂರ್ವ ಜರ್ಮನಿಯ ಆಳುವ ಸಮಾಜವಾದಿ ಏಕತಾ ಪಕ್ಷವು 1951ರ ಮಾರ್ಚ್‌ನಲ್ಲಿ ಇದೇ ನಿಲುವನ್ನು ತಳೆಯಿತು. ಮರುವರ್ಷ ಪ್ರಕಟವಾದ ಸಂಗೀತಶಾಸ್ತ್ರಜ್ಞ ಎರ್ನ್ಸ್ಟ್ ಹರ್ಮನ್ ಮೇಯರ್‌ನ ಗ್ರಂಥವು ಅಮೆರಿಕದ ಬೂಗಿ-ವೂಗಿಯಂಥ ನೃತ್ಯಸಂಗೀತವನ್ನು ಜನರ ಮನಸ್ಸನ್ನು ಕೆಡಿಸುವ ವಿಷವೆಂದು ಪರಿಗಣಿಸಿತು. ಈ ವಾದದಲ್ಲಿ ಒಂದು ಇಕ್ಕಟ್ಟು ಅಡಗಿತ್ತು. ಜಾಝನ್ನು ಇದಕ್ಕೆ ಮೊದಲು ಹಳಿದವರು ನಾಟ್ಸಿಗಳು. 1938ರಲ್ಲಿ ಡುಸೆಲ್ಡಾರ್ಫ್ ನಗರದಲ್ಲಿ ಏರ್ಪಡಿಸಿದ್ದ ‘ಪತಿತ ಸಂಗೀತ’ದ ಪ್ರದರ್ಶನವು ಜಾಝನ್ನೂ ಯೆಹೂದಿ ಸಂಗೀತಗಾರರನ್ನೂ ಒಟ್ಟಿಗೆ ಅವಮಾನಿಸಿತ್ತು. ನಾಟ್ಸಿವಾದದ ವಿರೋಧದ ಮೇಲೆಯೇ ತನ್ನ ನ್ಯಾಯಬದ್ಧತೆಯನ್ನು ಸಾರುತ್ತಿದ್ದ ಪ್ರಭುತ್ವಕ್ಕೆ ಅದೇ ಸಂಗೀತವನ್ನು ಮತ್ತೆ ನಿಂದಿಸುವುದು ಸುಲಭವಾಗಿರಲಿಲ್ಲ.

2. ಅದೇ ಮಾನದಂಡದಿಂದ ಸಮರ್ಥನೆ

ಜಾಝ್‌ನ ಬೆಂಬಲಿಗರು ಈ ಇಕ್ಕಟ್ಟನ್ನು ಗುರುತಿಸಿದರು. ಅವರಲ್ಲಿ ಲೈಪ್ಜಿಗಿನ ರೆಜಿನಾಲ್ಡ್ ರುಡೋರ್ಫ್ ಪ್ರಮುಖ. ಜಾಝ್ ಎಂಬುದು ಗುಲಾಮಗಿರಿಯನ್ನು ಉಂಡ ಆಫ್ರಿಕನ್-ಅಮೆರಿಕನ್ ಶ್ರಮಿಕರ ಜನಪದ ಸಂಗೀತ. ಹೊಲಗೆಲಸದ ಹಾಡು, ಬ್ಲೂಸ್, ಆರಾಧನಾ ಗೀತೆಗಳೇ ಅದರ ಬೇರು. ಬಂಡವಾಳಗಾರರು ಮಾರುವ ನೃತ್ಯಸಂಗೀತವು ಅದರ ವಿಕೃತ ರೂಪ ಮಾತ್ರ ಎಂಬುದು ಆತನ ವಾದದ ತಿರುಳು. ಪಕ್ಷದ ಮಾನದಂಡದಿಂದಲೇ ಪಕ್ಷಕ್ಕೆ ಉತ್ತರ ಹೇಳುವ ಜಾಣ್ಮೆ ಇದರಲ್ಲಿತ್ತು. ಆದರೆ ಇದಕ್ಕೆ ತೆತ್ತ ಬೆಲೆಯೂ ಇತ್ತು. ‘ಶುದ್ಧ’ ಜಾಝ್ ಮತ್ತು ‘ಕೃತಕ’ ಜಾಝ್ ಎಂಬ ವಿಂಗಡಣೆಯಿಂದಾಗಿ ಹಳೆಯ ನ್ಯೂ ಆರ್ಲಿಯನ್ಸ್ ಶೈಲಿಗೆ ಮನ್ನಣೆ ದೊರೆತು, ಆಧುನಿಕ ಶೈಲಿಗಳು ಸಂಶಯಕ್ಕೆ ಗುರಿಯಾದವು. ಜೀವಂತ ಕಲೆಯೊಂದನ್ನು ಅದರ ಮೂಲರೂಪಕ್ಕೆ ಕಟ್ಟಿಹಾಕುವ ಈ ಪ್ರವೃತ್ತಿ ಜಾನಪದ ಅಧ್ಯಯನಕ್ಕೆ ಅಪರಿಚಿತವಾದುದಲ್ಲ.

1956ರ ಹಂಗೆರಿ ದಂಗೆಯ ನಂತರ ಪ್ರಭುತ್ವದ ಧೋರಣೆ ಬಿಗಿಯಾಯಿತು. 1957ರಲ್ಲಿ ರುಡೋರ್ಫ್‌ನನ್ನು ಬಂಧಿಸಿ ಎರಡು ವರ್ಷಗಳ ಸೆರೆವಾಸ ವಿಧಿಸಲಾಯಿತು. 1958ರ ಆಜ್ಞೆಯ ಪ್ರಕಾರ ನೃತ್ಯ ಹಾಗೂ ಮನರಂಜನಾ ಸಂಗೀತದಲ್ಲಿ ಶೇ. 60ರಷ್ಟು ಭಾಗವು ಪೂರ್ವ ಜರ್ಮನಿ ಅಥವಾ ಇತರ ಸಮಾಜವಾದಿ ದೇಶಗಳ ರಚನೆಯಾಗಿರಬೇಕಿತ್ತು. ವೃತ್ತಿನಿರತ ಸಂಗೀತಗಾರರು ಪರೀಕ್ಷಾ ಸಮಿತಿಯ ಮುಂದೆ ನುಡಿಸಿ ಪರವಾನಗಿ ಪಡೆಯಬೇಕಾಗಿದ್ದಿತು. ಕಲಾವಿದರು ಈ ಪರವಾನಗಿ ಪತ್ರವನ್ನು ‘ಪಪ್ಪೆ’, ಎಂದರೆ ರಟ್ಟು, ಎಂದು ಲೇವಡಿ ಮಾಡುತ್ತಿದ್ದರು. ಅನ್ನಕ್ಕೆ ಮಾತ್ರ ಆ ರಟ್ಟೇ ಆಧಾರ.

3. 1965: ಅತಿಥಿಯ ಆಗಮನ

1965ರ ಮಾರ್ಚ್‌ನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಪೂರ್ವ ಜರ್ಮನಿಗೆ ಬಂದು ಪೂರ್ವ ಬರ್ಲಿನ್, ಲೈಪ್ಜಿಗ್ ಮೊದಲಾದ ನಗರಗಳಲ್ಲಿ ಕಾರ್ಯಕ್ರಮಗಳನ್ನು ನೀಡಿದನು. ಅಮೆರಿಕದ ಸೆಲ್ಮಾದಲ್ಲಿ ನಾಗರಿಕ ಹಕ್ಕುಗಳಿಗಾಗಿ ಮೆರವಣಿಗೆ ಹೊರಟಿದ್ದವರ ಮೇಲೆ ಪೊಲೀಸರು ಹಲ್ಲೆ ನಡೆಸಿ ಆಗಿನ್ನೂ ಕೆಲವೇ ವಾರಗಳಾಗಿದ್ದವು. ವರ್ಣಭೇದದ ನಾಡಿನಿಂದ ಬಂದ ಕಪ್ಪು ಕಲಾವಿದನನ್ನು ಗೌರವಿಸುವುದು ಪ್ರಭುತ್ವಕ್ಕೆ ಅನುಕೂಲಕರವಾಗಿತ್ತು. ಪತ್ರಕರ್ತರು ಆತನಿಂದ ಅಮೆರಿಕದ ವರ್ಣಭೇದದ ಬಗೆಗೂ ಬರ್ಲಿನ್ ಗೋಡೆಯ ಬಗೆಗೂ ಹೇಳಿಕೆ ಬಯಸಿದರು. ಪೂರ್ವ ಬರ್ಲಿನ್ನಿನ ವೇದಿಕೆಯಲ್ಲಿ ಆತನು ಕಪ್ಪುಜನರ ನೋವನ್ನು ಕುರಿತ ‘ಬ್ಲ್ಯಾಕ್ ಅಂಡ್ ಬ್ಲೂ’ ಗೀತೆಯನ್ನು ನುಡಿಸಿದನು. ಅದೇ ವರ್ಷ ಡಿಸೆಂಬರ್‌ನಲ್ಲಿ ನಡೆದ ಪಕ್ಷದ ಕೇಂದ್ರ ಸಮಿತಿಯ ಹನ್ನೊಂದನೆಯ ಅಧಿವೇಶನದಲ್ಲಿ ಪ್ರಭುತ್ವದ ಸಿಟ್ಟು ತರುಣರ ಬೀಟ್ ಸಂಗೀತದತ್ತ ತಿರುಗಿತು. ಜಾಝ್ ಕ್ರಮೇಣ ಸಹ್ಯವಾಯಿತು. 1971ರಲ್ಲಿ ಡ್ರೆಸ್ಡೆನ್ ನಗರದಲ್ಲಿ ಡಿಕ್ಸಿಲ್ಯಾಂಡ್ ಉತ್ಸವ ಆರಂಭವಾಯಿತು.

4. ಹಳೆಯ ಹಾಡು, ಮುಕ್ತ ವಾದನ

ಈ ವಿಷಯದ ಅತ್ಯಂತ ಮಹತ್ವದ ಘಟ್ಟ ಇದರ ನಂತರದ್ದು. ಬರ್ಲಿನ್ನಿನ ಜಾನಪದ ವಿದ್ವಾಂಸ ವೋಲ್ಫ್‌ಗಾಂಗ್ ಶ್ಟೈನಿಟ್ಸ್ 1954 ಮತ್ತು 1962ರಲ್ಲಿ ಎರಡು ಸಂಪುಟಗಳಲ್ಲಿ ಆರು ಶತಮಾನಗಳ ಜರ್ಮನ್ ಜನಪದ ಗೀತೆಗಳನ್ನು ಪ್ರಕಟಿಸಿದ್ದನು. ಜೀತದ ರೈತರು, ಬಲವಂತವಾಗಿ ಸೇನೆಗೆ ಸೇರಿಸಲ್ಪಟ್ಟವರು, ನೇಕಾರರು ಮುಂತಾದವರ ಪ್ರತಿಭಟನೆಯ ದನಿ ಅವುಗಳಲ್ಲಿತ್ತು. ಜನಪದ ಗೀತೆಯೆಂದರೆ ಸಮವಸ್ತ್ರದ ತಂಡಗಳು ಹಾಡುವ ಹರ್ಷಗೀತೆ ಮಾತ್ರವಲ್ಲವೆಂಬುದಕ್ಕೆ ಈ ಸಂಪುಟಗಳು ಸಾಕ್ಷ್ಯವಾದವು.

1972ರಲ್ಲಿ ಪಿಯಾನೊ ವಾದಕ ಉಲ್ರಿಚ್ ಗುಂಪರ್ಟ್ ಹಳೆಯ ಜರ್ಮನ್ ಜನಪದ ಗೀತೆಗಳ ಧಾಟಿಗಳನ್ನು ಆಧರಿಸಿ ‘ಔಸ್ ಟಾಯ್ಚನ್ ಲಾಂಡನ್’ ಎಂಬ ಸರಣಿಯನ್ನು ಜಾಝ್ ತಂಡಕ್ಕಾಗಿ ರಚಿಸಿದನು. ಶೀರ್ಷಿಕೆಯಲ್ಲಿ ‘ಜರ್ಮನ್’ ಎಂಬರ್ಥದ ‘ಡಾಯ್ಚ್’ ಪದದ ಬದಲು ಅದರ ಹಳೆಯ ರೂಪವಾದ ‘ಟಾಯ್ಚ್’ ಬಳಕೆಯಾಗಿರುವುದು ಗಮನಾರ್ಹ. ಎರಡು ಜರ್ಮನಿಗಳಲ್ಲಿ ಯಾವುದಕ್ಕೂ ಸೇರದ, ವಿಭಜನೆಗೆ ಹಿಂದಿನ ನಾಡೊಂದನ್ನು ಅದು ಸೂಚಿಸುತ್ತದೆ ಎನ್ನಬಹುದು. ಈ ಬಗೆಯ ವಾದನದಲ್ಲಿ ಸರಳವಾದ ಧಾಟಿ ಮೊದಲು ಸ್ಪಷ್ಟವಾಗಿ ಕೇಳಿಸುತ್ತದೆ. ಅನಂತರ ವಾದ್ಯಗಳು ಒಂದೊಂದಾಗಿ ಅದರಿಂದ ಬಿಡಿಸಿಕೊಂಡು ಸಾಮೂಹಿಕ ಆಶುವಾದನಕ್ಕೆ ತೊಡಗುತ್ತವೆ. ಗದ್ದಲದ ನಡುವಿನಿಂದ ಹಾಡು ಮತ್ತೆ ಮೇಲೇಳುತ್ತದೆ. ಅಮೆರಿಕದ ಅನುಕರಣೆಯಿಂದ ದೂರ ಸರಿಯುವ ಹಾದಿಯೂ ಇದಾಗಿತ್ತು.

1973ರಲ್ಲಿ ಗುಂಪರ್ಟ್, ಸ್ಯಾಕ್ಸೊಫೋನ್ ವಾದಕ ಎರ್ನ್ಸ್ಟ್-ಲುಡ್ವಿಗ್ ಪೆಟ್ರೋವ್ಸ್ಕಿ, ಟ್ರಾಂಬೋನ್ ವಾದಕ ಕೋನಿ ಬವರ್, ಡ್ರಮ್ ವಾದಕ ಗುಂಟರ್ ಸೊಮರ್ ಸೇರಿ ‘ಸಿನೊಪ್ಸಿಸ್’ ತಂಡವನ್ನು ಕಟ್ಟಿದರು. 1984ರಲ್ಲಿ ಮತ್ತೆ ಕೂಡಿದಾಗ ಪಕ್ಷದ ಕೇಂದ್ರ ಸಮಿತಿಯನ್ನು ಅಣಕಿಸುವಂತೆ ‘ಝೆಂಟ್ರಾಲ್‌ಕ್ವಾರ್ಟೆಟ್’ ಎಂಬ ಹೆಸರನ್ನಿಟ್ಟುಕೊಂಡರು. ಪಶ್ಚಿಮ ಬರ್ಲಿನ್ನಿನ ಫ್ರೀ ಮ್ಯೂಸಿಕ್ ಪ್ರೊಡಕ್ಷನ್ ಸಂಸ್ಥೆಯು ಇಂಥ ಕಲಾವಿದರ ಧ್ವನಿಮುದ್ರಿಕೆಗಳನ್ನು ಹೊರತಂದಿತು. ಗೋಡೆಯಾಚೆ ಹುಟ್ಟಿದ ಸಂಗೀತ ಗೋಡೆಯೀಚೆ ಪ್ರಕಟವಾಯಿತು.

ಕೊಟ್ಬುಸ್ ಸಮೀಪದ ಮೀನುಕೆರೆಗಳ ಪುಟ್ಟ ಪಟ್ಟಣ ಪೈಟ್ಸ್‌ನಲ್ಲಿ ಉಲ್ಲಿ ಬ್ಲೋಬೆಲ್ ಮತ್ತು ಪೀಟರ್ ಮೆಟಾಗ್ 1973ರಲ್ಲಿ ಆರಂಭಿಸಿದ ಜಾಝ್ ಕಮ್ಮಟವು ಈ ಸಂಗೀತಕ್ಕೆ ನೆಲೆಯೊದಗಿಸಿತು. ಕೇಳಲು ಬರುವ ತರುಣರ ಸಂಖ್ಯೆ ಬೆಳೆದಂತೆ 1979ರಿಂದ ಅದು ಬಯಲಿನಲ್ಲಿಯೂ ನಡೆಯಿತು. ಪ್ರಭುತ್ವವು 1982ರಲ್ಲಿ ಅದನ್ನು ನಿಷೇಧಿಸಿತು. ಆ ವೇಳೆಗೆ ವಾದನಕ್ಕೆ ಅನುಮತಿಯಿತ್ತು. ಜನರು ತಾವಾಗಿ ಸೇರುವುದನ್ನು ಮಾತ್ರ ಅದು ಸಹಿಸಲಿಲ್ಲ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

5. ಉಪಸಂಹಾರ

1990ರ ಅಕ್ಟೋಬರ್ 3ರಂದು ಪೂರ್ವ ಜರ್ಮನಿ ಎಂಬ ರಾಷ್ಟ್ರ ಇಲ್ಲವಾಯಿತು. ಝೆಂಟ್ರಾಲ್‌ಕ್ವಾರ್ಟೆಟ್ ಮಾತ್ರ 2006ರಲ್ಲಿಯೂ ಅದೇ ಹಳೆಯ ಗೀತೆಗಳ ಧ್ವನಿಮುದ್ರಿಕೆಯನ್ನು ಹೊರತಂದಿತು. ಪೆಟ್ರೋವ್ಸ್ಕಿ 2023ರಲ್ಲಿ ತೀರಿಕೊಂಡನು.

ಒಟ್ಟಿನಲ್ಲಿ, ಪೂರ್ವ ಜರ್ಮನಿಯಲ್ಲಿ ‘ಜನಪದ’ ಎಂಬ ಪದ ಮೊದಲು ಜಾಝನ್ನು ದೂರವಿಡುವ ಬೇಲಿಯಾಯಿತು. ಬಳಿಕ ಅದನ್ನು ಕಾಯುವ ಗುರಾಣಿಯಾಯಿತು. ಕೊನೆಗೆ ಕಲಾವಿದರ ಕೈಯಲ್ಲಿ ನುಡಿಸುವ ವಸ್ತುವಾಯಿತು. ಮೊದಲೆರಡು ಹಂತಗಳಲ್ಲಿ ಜನಪದವನ್ನು ನಿರ್ವಚಿಸಿದವರಿದ್ದರು; ಮೂರನೆಯದರಲ್ಲಿ ಅದನ್ನು ಬಳಸಿದವರಿದ್ದರು. ಸೆರೆಮನೆಯ ಬಾಗಿಲು ತೆರೆದದ್ದು ನಿರ್ವಚನಗಳ ಕಾದಾಟದಲ್ಲಿ. ಯಾವುದು ಶುದ್ಧ, ಯಾವುದು ಕಲಬೆರಕೆ ಎಂದು ಬರೆಯುವ ಜಾನಪದ ವಿದ್ವಾಂಸರು, ಆ ಬರಹವನ್ನು ನಾಳೆ ಯಾರು ಯಾವುದಕ್ಕೆ ಬಳಸಿಯಾರು ಎಂಬ ಎಚ್ಚರವನ್ನು ಇಟ್ಟುಕೊಳ್ಳಬೇಕಾದ ಅಗತ್ಯವನ್ನು ಈ ಚರಿತ್ರೆಯು ಮನಗಾಣಿಸುತ್ತದೆ.